ಹಿಂದಿನ ಶಾಕಪ್ ಕೊಳ್ಳುವ ಮೊದಲು ಮುಂದಿನ ಫೋರ್ಕ್ ಬಿಚ್ಚಿಸಿ ನೋಡಿ

ಪ್ರಶ್ನೆ (ಬಾಗಲಕೋಟೆ, ನವನಗರ):
ನಮಸ್ಕಾರ ಅಣ್ಣಾ. ನನ್ನದು 150 ಸಿಸಿ ಬೈಕ್. ಆರು ವರ್ಷ ಹಳೆಯದು, 52,000 ಕಿ.ಮೀ. ಓಡಿದೆ. ದಿನಾ ಲೋಕಾಪುರಕ್ಕೆ ಹೋಗಿ ಬರುತ್ತೇನೆ. ಕಬ್ಬಿನ ಸೀಸನ್ನಿನಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಓಡಾಡಿ ರಸ್ತೆ ಅಲ್ಲಲ್ಲಿ ಕಿತ್ತು ಹೋಗುತ್ತದೆ. ಗುಂಡಿಗೆ ಬಿದ್ದರೆ ಟಕ್ ಅಂತ ಹ್ಯಾಂಡಲ್‌ಗೆ ಹೊಡೆಯುತ್ತದೆ, ಹಿಂದೆ ಎರಡು ಮೂರು ಸಲ ಕುಣಿಯುತ್ತದೆ. ಮೊನ್ನೆ ಅವ್ವನನ್ನು ಕೂರಿಸಿಕೊಂಡು ಬಂದೆ, ಇಳಿದವಳೇ ಸೊಂಟ ಹಿಡಿದುಕೊಂಡು ಕೂತಳು. ಡಬ್ಬಿ ಇರುವ ಗ್ಯಾಸ್ ಶಾಕಪ್ ಹಾಕಿಸಿದರೆ ಸರಿಹೋಗುತ್ತಾ? ನನ್ನ ತೂಕ 82 ಕೆ.ಜಿ.

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್, ಬೆಳಗಾವಿ):
ತಮ್ಮಾ, ಇನ್ನೂ ದುಡ್ಡು ಕೊಟ್ಟಿಲ್ಲ ಅಲ್ವಾ? ಸ್ವಲ್ಪ ತಾಳು.

ಶಾಕಪ್‌ನಲ್ಲಿ ಭಾರ ಹೊರುವುದು ಸ್ಪ್ರಿಂಗ್. ಕುಣಿತ ನಿಲ್ಲಿಸುವುದು ಒಳಗಿನ ಆಯಿಲ್. ಸಣ್ಣ ತೂತುಗಳಲ್ಲಿ ಅದು ತೂರಿ ಹೋಗುವಾಗ ಆಗುವ ತಡೆಯಿಂದ ಗಾಡಿ ಸಮಾಧಾನಕ್ಕೆ ಬರುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದರೆ ಆಯಿಲ್ ಕಾದು ನೊರೆಯಾಗಿ ಆ ತಡೆ ಹೋಗುತ್ತದೆ. ನೊರೆ ಏಳದಂತೆ ಒತ್ತಿ ಹಿಡಿಯುವುದಕ್ಕೆ ಡಬ್ಬಿಯಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಗ್ಯಾಸ್ ಇದ್ದರೆ ಗಾಡಿ ಮೆತ್ತಗಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ.

ಹಿಂದೆ ಎರಡು ಮೂರು ಸಲ ಕುಣಿಯುತ್ತಿದೆ ಅಂದರೆ ನಿನ್ನ ಶಾಕಪ್ ಸತ್ತಿದೆ, ಬದಲಿಸಲೇಬೇಕು. ಆದರೆ ಹ್ಯಾಂಡಲ್‌ಗೆ ಬರುವ ಹೊಡೆತ ಅದರಿಂದ ಹೋಗಲ್ಲ. ಮುಂದಿನ ಹೊಡೆತ ತಡೆಯುವುದು ಫೋರ್ಕ್, ಅಂದರೆ ಮುಂಚಕ್ರವನ್ನು ಎರಡೂ ಕಡೆ ಹಿಡಿದಿರುವ ಕೊಳವೆ ಜೋಡಿ. ಆ ಫೋರ್ಕಿನ ಆಯಿಲ್ ಯಾವತ್ತಾದರೂ ಬದಲಿಸಿದ್ದೀಯಾ? ಆಯಿಲ್ ಹೊರಬರದಂತೆ ತಡೆಯುವ ಸೀಲ್ ಸೋರುವವರೆಗೆ ಅದು ಯಾರಿಗೂ ನೆನಪಾಗುವುದಿಲ್ಲ. ಹೋದ ವಾರ ಒಂದು ಗಾಡಿಯ ಫೋರ್ಕ್ ಬಿಚ್ಚಿದೆ. ಬೂದಿ ಕದಡಿದ ನೀರಿನಂಥ ಆಯಿಲ್ ಬಂತು, ಕೊಳೆತ ಮೀನಿನ ವಾಸನೆ. ಬೆರಳಲ್ಲಿ ತಿಕ್ಕಿದರೆ ಮಿರಮಿರ ಮಿನುಗುವ ಪುಡಿ. ಒಳಗಿನ ಲೋಹ ಸವೆದು ಬಂದ ಪುಡಿ ಅದು. ಆ ಹುಡುಗ ಆಗಲೇ ಹಿಂದೆ ದುಬಾರಿ ಶಾಕಪ್ ಹಾಕಿಸಿ ಆಗಿತ್ತು. ನನಗೆ ಹೊಟ್ಟೆ ಉರಿಯಿತು.

ಹಾಗಾಗಿ ಮೊದಲು ಫೋರ್ಕ್ ಆಯಿಲ್, ಆಯಿಲ್ ಸೀಲ್ ಬದಲಿಸು. ಕಂಪನಿ ಹೇಳಿದ ಗ್ರೇಡ್, ಹೇಳಿದಷ್ಟೇ ಎಂ.ಎಲ್., ಫೋರ್ಕಿನ ಎರಡೂ ಕಾಲಿಗೆ, ಅಂದರೆ ಎರಡೂ ಕೊಳವೆಗೆ, ಅಳೆದು ಹಾಕಬೇಕು. ಗಟ್ಟಿ ಆಗಲಿ ಅಂತ ಸುಮ್ನೆ ಜಾಸ್ತಿ ಸುರಿದರೆ ಒಳಗೆ ಗಾಳಿಯ ಜಾಗ ಕಡಿಮೆಯಾಗಿ ಫೋರ್ಕ್ ಪೂರ್ತಿ ಇಳಿಯುವ ಮೊದಲೇ ಕಲ್ಲಾಗುತ್ತದೆ. ನಮ್ಮ ಎರೆಮಣ್ಣಿನ ಕೆಸರು ಫೋರ್ಕಿನ ರಾಡಿನ ಮೇಲೆ ಒಣಗಲು ಬಿಡಬೇಡ, ಹೊಸ ಸೀಲನ್ನೂ ಕೊಯ್ದು ಹಾಕುತ್ತದೆ. ಮುಂಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸು. ನಡುವೆ ಸಿಕ್ಕಿದಂತಾದರೆ ಹ್ಯಾಂಡಲ್ ಬೇರಿಂಗ್ ಹೋಗಿದೆ. ಹಿಂಚಕ್ರ ಅಡ್ಡ ಅಲ್ಲಾಡಿದರೆ ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದಿರುವ ತೋಳು) ಬುಷ್ ನೋಡಿಸು. ಇವು ಹಾಳಾಗಿದ್ದರೆ ಎಂಥ ಶಾಕಪ್ ಹಾಕಿದರೂ ತಿರುವಿನಲ್ಲಿ ಗಾಡಿ ಓಲಾಡುತ್ತದೆ.

ಪ್ರಶ್ನೆ (ಅವರೇ):
ಸರಿ ಅಣ್ಣಾ. ಹಿಂದಿನ ಶಾಕಪ್‌ನ ಸ್ಪ್ರಿಂಗ್ ಒತ್ತುವ ರಿಂಗ್ ಐದನೇ ಪಾಯಿಂಟಿನಲ್ಲಿ ಇಟ್ಟಿದ್ದೇನೆ, ಸ್ಪ್ರಿಂಗ್ ಗಟ್ಟಿ ಇರಲಿ ಅಂತ. ಹಾಗೇ ಬಿಡಲಾ?

ಉತ್ತರ:
ಬೇಡ. ರಿಂಗ್ ಏರಿಸಿದರೆ ಗಾಡಿಯ ಹಿಂಭಾಗ ಎತ್ತರ ನಿಲ್ಲುತ್ತದೆ, ಸ್ಪ್ರಿಂಗ್ ಅದೇ ಸ್ಪ್ರಿಂಗ್. ಟೇಪ್ ತಗೊ. ಡಬಲ್ ಸ್ಟ್ಯಾಂಡ್ ಹಾಕಿ ಹಿಂಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆ. ಸ್ಟ್ಯಾಂಡ್ ಇಳಿಸಿ ಹೆಲ್ಮೆಟ್, ಬ್ಯಾಗ್ ಸಮೇತ ಕೂತು ಇನ್ನೊಬ್ಬರಿಂದ ಅಳೆಸು. ಚಕ್ರ ಒಟ್ಟು ಮೇಲೆ ಕೆಳಗೆ ಆಡುವ ದೂರದ ಮೂರನೇ ಒಂದರಷ್ಟು ವ್ಯತ್ಯಾಸ ಬರಬೇಕು. 100 ಎಂ.ಎಂ. ಆಡುವ ಗಾಡಿಗೆ 30ರಿಂದ 35. ಐದರಲ್ಲಿಟ್ಟು ಒಬ್ಬನೇ ಓಡಿಸಿದರೆ ಚಕ್ರ ಗುಂಡಿಯೊಳಗೆ ಇಳಿಯಲು ಅವಕಾಶ ಸಾಲದು, ನೆಲ ಬಿಟ್ಟು ಹಾರುತ್ತದೆ. ಅವ್ವ ಕೂರುವ ದಿನ ಹುಕ್ ಪಾನಾದಿಂದ ರಿಂಗನ್ನು ಎರಡೂ ಕಡೆ ಸಮನಾಗಿ ಏರಿಸು.

ಪ್ರಶ್ನೆ (ಖಾನಾಪುರ):
ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಹಿಡಿದರೆ ನನ್ನ ಗಾಡಿ ಮುಂದಕ್ಕೆ ಪೂರ್ತಿ ಮುಗ್ಗರಿಸುತ್ತದೆ. ಇನ್ನೂ ದಪ್ಪ ಆಯಿಲ್ ಹಾಕಿಸಲಾ ಅಣ್ಣಾ?

ಉತ್ತರ:
ಅಕ್ಕಾ, ದಪ್ಪ ಆಯಿಲ್ ಹಾಕಿದರೆ ಅದೇ ಮುಗ್ಗರಿಕೆ ಸ್ವಲ್ಪ ನಿಧಾನವಾಗಿ ಆಗುತ್ತದೆ, ಅಷ್ಟೇ. ಜೊತೆಗೆ ಕಿತ್ತ ಡಾಂಬರಿನ ಮೇಲೆ ಕೈ ಜೋಮು ಹಿಡಿಯುತ್ತದೆ. ಫೋರ್ಕಿನ ಬೆಳ್ಳಿ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ, ಸೀಲಿಗೆ ತಾಗಿಸಿ, ಘಾಟ್ ಇಳಿದು ಬನ್ನಿ. ಫೋರ್ಕ್ ಎಲ್ಲಿವರೆಗೆ ಇಳಿಯಿತೋ ಟೈ ಅಲ್ಲಿ ನಿಂತಿರುತ್ತದೆ. ತುದಿಗೆ ಹೋಗಿ ಕೂತಿದ್ದರೆ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಸೋತಿದೆ. ಒಂದು ಕಡೆ ಸುತ್ತು ಹತ್ತಿರ, ಇನ್ನೊಂದು ಕಡೆ ದೂರ ಇರುವ ಪ್ರೊಗ್ರೆಸಿವ್ ಸ್ಪ್ರಿಂಗ್ ಹಾಕಿಸಿ. ಮೊದಲು ಮೆತ್ತಗೆ ಇಳಿದು ಆಮೇಲೆ ಗಟ್ಟಿಯಾಗುತ್ತದೆ. ಇನ್ನೂ ಎರಡು ಬೆರಳು ಜಾಗ ಉಳಿದಿದ್ದರೆ ಹೊಸ ಆಯಿಲ್ ಸಾಕು.

ಪ್ರಶ್ನೆ (ನವನಗರದವರು, ನಾಲ್ಕು ದಿನ ಬಿಟ್ಟು):
ಫೋರ್ಕ್ ಬಿಚ್ಚಿಸಿದೆ ಅಣ್ಣಾ. ಎಡಗಾಲಿನಲ್ಲಿ ಅರ್ಧ ಆಯಿಲ್ ಕೂಡ ಇರಲಿಲ್ಲ. ಈಗ ಟಕ್ ಅನ್ನುವುದು ನಿಂತಿದೆ. ಭಾನುವಾರ ಅವ್ವನನ್ನು ಮುಧೋಳಕ್ಕೆ ಕರೆದೊಯ್ಯಬೇಕು, ಅಷ್ಟರೊಳಗೆ ಹಿಂದಿನದು ತರುತ್ತೇನೆ.

ಉತ್ತರ:
ಒಳ್ಳೆಯದಾಯ್ತು. ಜೋಡಿಯಾಗಿಯೇ ತಗೊ. ಹಳೆಯದರ ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ತೂತಿಗೆ ಅಳೆದುಕೊಂಡು ಹೋಗು, ಉದ್ದ ಅಷ್ಟೇ ಇರಬೇಕು. ಉದ್ದ ಹೆಚ್ಚಾದರೆ ಹಿಂಭಾಗ ಎದ್ದು ಹ್ಯಾಂಡಲ್ ಚುರುಕಾಗುತ್ತದೆ, ಚೈನಿನ ಬಿಗಿಯೂ ಬದಲಾಗುತ್ತದೆ. ಹಾಕಿಸಿದ ಮೇಲೆ ಚೈನ್ ನೋಡಿಸು. ಭಾನುವಾರ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ, ಇಬ್ಬರು ಕೂರುವ ಲೆಕ್ಕಕ್ಕೆ ಗಾಳಿ ಹಾಕಿಸಿಕೊ.