ಅಪ್‌ಡೇಟ್: ಪಿಕಪ್‌ಗೆ ಕೊನೆಗೂ ಹೊಸ ಟೈರ್ ಹಾಕಿಸಿದೆ

ಪಿಕಪ್‌ನ ಟೈರ್ ಸವೆದಿದೆ, ಮಡ್ ಟೈರ್ (ಕೆಸರಿಗೆ ಅಂತಲೇ ಮಾಡಿದ ದಪ್ಪ ಗುಬ್ಬಿನ ಟೈರ್) ಹಾಕಿಸಲಾ ಅಥವಾ ಆಲ್-ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್) ಸಾಕಾ ಅಂತ ಕೇಳಿದ್ದೆನಲ್ಲ, ಕೊನೆಗೆ ಆಲ್-ಟೆರೇನ್ ಹಾಕಿಸಿದೆ.

ಮಡ್ ಟೈರ್ ನೋಡೋಕೆ ಗತ್ತು, ನಿಜ. ಆದರೆ ನನ್ನ ಓಡಾಟ ಬಹುಪಾಲು ಡಾಂಬರು ರಸ್ತೆಯಲ್ಲೇ. ಸುಮ್ನೆ ಗುಂಯ್ ಅನ್ನೋ ಸದ್ದು ಕೇಳಿಕೊಂಡು, ಡೀಸೆಲ್ ಜಾಸ್ತಿ ಸುಟ್ಟು ಏನು ಮಾಡಲಿ?

"ಲೋಡ್ ಇಂಡೆಕ್ಸ್ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಟೈರ್ ಎಷ್ಟು ಭಾರ ಹೊರುತ್ತೆ ಅಂತ ಹೇಳುವ ಸಂಕೇತ ಸಂಖ್ಯೆ ಅದು. ನಾನು ಅಳತೆ ಮಾತ್ರ ನೋಡುತ್ತಿದ್ದೆ. ಒಂದೇ ಅಳತೆಯ ಎರಡು ಟೈರ್, ಒಂದರ ಮೇಲೆ 112, ಇನ್ನೊಂದರ ಮೇಲೆ 121. ಅಂದರೆ ಒಂದು ಟೈರ್ ಹೊರುವುದು 1120 ಕೆಜಿ, ಇನ್ನೊಂದು 1450 ಕೆಜಿ. ಅದೂ ಆ ಟೈರ್‌ಗೆ ಹೇಳಿದಷ್ಟು ಗಾಳಿ ಇದ್ದರೆ. ನಾನು ಆಗಾಗ ಭಾರ ಹೇರುತ್ತೇನೆ, ಹಾಗಾಗಿ 121ರದ್ದೇ ತಗೊಂಡೆ. ಗಟ್ಟಿ ಟೈರ್ ಆದ್ದರಿಂದ ಖಾಲಿ ಗಾಡಿ ಸ್ವಲ್ಪ ಕುಲುಕುತ್ತದೆ. ಮನೆಯವರ ದೂರು ಶುರುವಾಗಿದೆ.

ಇನ್ನೊಂದು ವಿಷಯ. ಅಂಗಡಿಯವರು ಮೊದಲು ತಂದ ಟೈರ್‌ನ ಪಕ್ಕದಲ್ಲಿ 2319 ಅಂತ ಇತ್ತು. 2019ರ 23ನೇ ವಾರದ ಮಾಲು! "ಬಳಸಿಲ್ಲ ಸಾರ್, ಹೊಸದೇ" ಅಂದರು. ಬಳಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ? ವಾಪಸ್ ಕಳಿಸಿ ಹೊಸ ತಾರೀಖಿನದ್ದು ತರಿಸಿದೆ.

ಹಳೆ ಮುಂದಿನ ಟೈರ್‌ಗಳು ಒಳಅಂಚಿನಲ್ಲಿ ಮಾತ್ರ ಸವೆದಿದ್ದವು. ಹಾಗಾಗಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಕೂಡ ಮಾಡಿಸಿದೆ. ಸ್ಟೆಪ್ನಿ ಮಾತ್ರ ಇನ್ನೂ ಹಳೆಯದೇ ಇದೆ, ಮುಂದಿನ ತಿಂಗಳು ನೋಡಬೇಕು.