ಸಹಾಯ ಬೇಕು: ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿದೆ, ಕೀಹೋಲ್ ಸರ್ಜರಿ ಸಾಕಾಗುತ್ತಾ?

ಅಪ್ಪನಿಗೆ ಅಂಗಿಯ ಗುಂಡಿ ಹಾಕೋದೇ ಕಷ್ಟವಾಗಿದೆ. ನಡೆಯುವಾಗ ಓಲಾಡುತ್ತಾರೆ. ನೋವು ಮಾತ್ರ ಅಷ್ಟಾಗಿ ಇಲ್ಲ. ಎಂಆರ್‌ಐನಲ್ಲಿ ಸಿ5-ಸಿ6 ಡಿಸ್ಕ್ (ಕುತ್ತಿಗೆಯ 5 ಮತ್ತು 6ನೇ ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ಬೆನ್ನುಹುರಿಯನ್ನು ಒತ್ತಿರೋದು ಕಾಣಿಸಿದೆ.

ಒಬ್ಬ ಸರ್ಜನ್ ಮುಂದಿನಿಂದ ಡಿಸ್ಕ್ ತೆಗೆದು ಮೂಳೆ ಕೂಡಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಹಿಂದಿನಿಂದ ಸಣ್ಣ ಗಾಯ ಮಾಡಿ ಎಂಡೋಸ್ಕೋಪ್‌ನಲ್ಲೇ (ಕ್ಯಾಮೆರಾ ಇರುವ ತೆಳು ಕೊಳವೆ), ಅಂದರೆ ಕೀಹೋಲ್ ವಿಧಾನದಲ್ಲೇ ಮುಗಿಸಬಹುದು ಎನ್ನುತ್ತಾರೆ. ನಾನು ಓದಿದ ಪ್ರಕಾರ, ಕೀಹೋಲ್ ವಿಧಾನ ಕೈಗೆ ಹೋಗುವ ನರ ಸಿಕ್ಕಿಕೊಂಡವರಿಗೆ ಜಾಸ್ತಿ ಬಳಕೆಯಲ್ಲಿದೆ. ಹುರಿಯೇ ಮುಂದಿನಿಂದ ಒತ್ತಿಕೊಂಡಿದ್ದರೆ? ಗಾಯ ಚಿಕ್ಕದಾದರೆ ಸಾಲದು, ಒತ್ತಡ ಪೂರ್ತಿ ಬಿಡಬೇಕು ಅಲ್ವಾ?

ಇದೇ ತೊಂದರೆಗೆ ಸರ್ಜರಿ ಮಾಡಿಸಿಕೊಂಡವರು ಹೇಳಿ: ಬೆರಳಿನ ಹಿಡಿತ ಮರಳಿತಾ? ಕಾಲರ್ ಹಾಕಬೇಕಾಯಿತಾ? ನುಂಗಲು ತೊಂದರೆಯಾಯಿತಾ? ಕುತ್ತಿಗೆ ಮಸಾಜ್ ಸಲಹೆ ಮಾತ್ರ ದಯವಿಟ್ಟು ಬೇಡ, ಅದು ಅಪಾಯ.