ಒಂದು ಮನೆ, ಎರಡು ರೂಟರ್: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ನೆಟ್‌ವರ್ಕ್ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರು ಇವತ್ತು ಸಂಜೆ 7ರಿಂದ ಮನೆಯ ರೂಟರ್, ಐಪಿ ವಿಳಾಸದ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ಕೇಳೋ ಮೊದಲು ಮೇಲಿನ ಉತ್ತರಗಳನ್ನ ಓದಿ.

ಹುಬ್ಬಳ್ಳಿ: ಸರ್ರ, ಮನಿ ಎರಡಂತಸ್ತು ಐತ್ರಿ. ಎರಡನೇ ರೂಟರ್ ಯಾವ ಕಂಪನೀದ್ ಚಲೋ?

ತಂತ್ರಜ್ಞ: ಕಂಪನಿ ಹೆಸರು ಹೇಳಲ್ಲ. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರಬೇಕು, ‘ಆಕ್ಸೆಸ್ ಪಾಯಿಂಟ್ ಮೋಡ್’ (ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡೋದು) ಇರಬೇಕು. ಎರಡೂ ಇದ್ದರೆ ಸಾಕು.

ಕುವೆಂಪುನಗರ, ಮೈಸೂರು: ನಮಸ್ಕಾರ ಸರ್. 300 ಎಂಬಿಪಿಎಸ್ ಪ್ಲಾನ್. ಹಾಲಲ್ಲಿ ಪೂರ್ತಿ ಬರುತ್ತೆ. ಮೇಲಿನ ರೂಮಿಗೆ ಕೇಬಲ್ ಎಳೆಸಿ ಎರಡನೇ ರೂಟರ್ ಇಟ್ಟಿದೀವಿ, ಅಲ್ಲಿ 94 ದಾಟಲ್ಲ. ಮಗನ ಪರೀಕ್ಷೆ ಹತ್ತಿರ ಬಂತು.

ತಂತ್ರಜ್ಞ: 94ರ ಹತ್ತಿರ ನಿಂತರೆ ಆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಲಿಂಕ್ ಇದೆ ಅಂತ ಅರ್ಥ ಅಮ್ಮ. ಕೇಬಲ್ ಒಳಗಿನ ಎಂಟು ತಂತೀಲಿ ನಾಲ್ಕನ್ನೇ ಕ್ರಿಂಪ್ ಮಾಡಿರಬಹುದು, ಇಲ್ಲ ಮೇಲಿನ ರೂಟರ್ ಪೋರ್ಟೇ 100ರದ್ದು. ಎರಡು ತುದಿಯ ಪ್ಲಗ್ ಬೆಳಕಿಗೆ ಹಿಡಿದು ತಂತಿ ಎಣಿಸಿ. ಎಂಟೂ ಇದ್ದರೆ ರೂಟರ್ ಡಬ್ಬಿ ಮೇಲೆ ಬರೆದಿರೋದು ನೋಡಿ. ಪರೀಕ್ಷೆಗೆ ಓದೋಕೆ 94 ಧಾರಾಳ, ಅವಸರ ಬೇಡ.

ತೀರ್ಥಹಳ್ಳಿ ತೋಟ: ಸರ್, ನಮ್ಮ ಮನೇಲಿ ವಿಚಿತ್ರ ತೊಂದರೆ. ಕೆಳಗೆ ಕಂಪನಿಯವರು ಕೊಟ್ಟ ಫೈಬರ್ ಡಬ್ಬಿ. ಜಂಬಿಟ್ಟಿಗೆ ಗೋಡೆ, ಮಹಡಿಗೆ ಸಿಗ್ನಲ್ ಹತ್ತಲ್ಲ ಅಂತ ಮೇಲೊಂದು ರೂಟರ್ ಇಟ್ಟು ಕೇಬಲ್ ಕೊಟ್ಟೆ. ದಿನಗಟ್ಟಲೆ ಸರಿ ಇರುತ್ತೆ. ಕರೆಂಟ್ ಹೋಗಿ ಬಂದ ಮೇಲೆ ಅಣ್ಣನ ಫೋನಲ್ಲಿ ನೆಟ್ ಬರುತ್ತೆ, ನನ್ನದರಲ್ಲಿ ವೈಫೈ ಗುರುತು ಮಾತ್ರ. ತೋಟಕ್ಕೆ ಹೋಗಿ ಬಂದರೆ ಕೆಲವು ಸಲ ಅದಲು ಬದಲು. ಕಂಪನಿಯವರು ಎರಡು ಸಲ ಬಂದು ‘ಲೈನ್ ಸರಿ ಇದೆ’ ಅಂದು ಹೋದರು.

ತಂತ್ರಜ್ಞ: ಅವರು ಹೇಳಿದ್ದು ನಿಜ ಇರಬಹುದು. ಎರಡೂ ಫೋನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ಐಪಿ ವಿಳಾಸ ಮತ್ತು ಗೇಟ್‌ವೇ ಎಷ್ಟಿದೆ ಬರೀರಿ. ಕೆಳಗಿನ ಕೇಬಲ್ ಮಹಡಿ ರೂಟರ್‌ನ ಯಾವ ಪೋರ್ಟಿಗೆ ಹಾಕಿದೀರಿ?

ಹಾಸನ, ನಿವೃತ್ತ ಮೇಷ್ಟ್ರು: ಇದಕ್ಕೆಲ್ಲ ಒಂದೇ ಮದ್ದು. ನನಗೆ ಬಂದಿದ್ದನ್ನ ಕಳಿಸ್ತಿದೀನಿ: ‘ತಿಂಗಳಿಗೊಮ್ಮೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗಿನ ಕಸ ಹೋಗಿ ವೇಗ ಇಮ್ಮಡಿಯಾಗುತ್ತದೆ. ಎಲ್ಲರಿಗೂ ತಿಳಿಸಿ.’

ತಂತ್ರಜ್ಞ: ಯಾರೂ ಮಾಡಬೇಡಿ. ಅದು ಕಸ ಗುಡಿಸೋ ಗುಂಡಿ ಅಲ್ಲ, ಫ್ಯಾಕ್ಟರಿ ರೀಸೆಟ್. ಕಂಪನಿಯವರು ಡಬ್ಬಿಯೊಳಗೆ ತುಂಬಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರೇ ಬಂದು ತುಂಬೋವರೆಗೆ ನೆಟ್ ಇಲ್ಲ. ಸ್ವಿಚ್ ಆರಿಸಿ ಹಾಕೋದು ಬೇರೆ, ಪಿನ್ ಚುಚ್ಚೋದು ಬೇರೆ.

ತೀರ್ಥಹಳ್ಳಿ ತೋಟ: ಅಣ್ಣನದು 192.168.1.7, ಗೇಟ್‌ವೇ 192.168.1.1. ನನ್ನದು 192.168.0.103, ಗೇಟ್‌ವೇ 192.168.0.1. ಕೇಬಲ್ ಹಳದಿ (ಲ್ಯಾನ್, ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟಿಗೆ ಹಾಕಿದೀನಿ. ನೀಲಿಗೆ (ವ್ಯಾನ್, ಹೊರಗಿನ ನೆಟ್ ಬರೋ ಪೋರ್ಟಿಗೆ) ಹಾಕಿದರೆ ಮಹಡಿ ಫೋನಿಂದ ಕೆಳಗಿನ ಪ್ರಿಂಟರ್ ಕಾಣ್ತಿರಲಿಲ್ಲ.

ತಂತ್ರಜ್ಞ: ಸಿಕ್ಕಿತು. ಸ್ವಲ್ಪ ಉದ್ದಕ್ಕೆ ಬರೀತೀನಿ. ಇಲ್ಲಿ ಅರ್ಧ ಜನರ ತೊಂದರೆ ಇದೇ ಇರಬಹುದು.

ಫೋನ್ ವೈಫೈಗೆ ಸೇರಿದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಅಂತ ಇಡೀ ನೆಟ್‌ವರ್ಕಿಗೆ ಕೇಳೋ ಹಾಗೆ ಕೂಗುತ್ತೆ. ವಿಳಾಸ ಹಂಚೋ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ವಿಳಾಸದ ಜೊತೆಗೆ ‘ಹೊರಗೆ ಹೋಗೋ ಬಾಗಿಲು ಇಲ್ಲಿದೆ’ ಅಂತಲೂ ಹೇಳಿ ಕಳಿಸುತ್ತೆ, ಅದು ಗೇಟ್‌ವೇ. ಹಳದಿಯಿಂದ ಹಳದಿಗೆ ಕೇಬಲ್ ಹಾಕಿದಾಗ ನಿಮ್ಮ ಮನೆ ಒಂದೇ ನೆಟ್‌ವರ್ಕ್ ಆಯ್ತು. ಅದು ಸರಿ, ಪ್ರಿಂಟರ್ ಕಂಡಿದ್ದೂ ಅದಕ್ಕೇ. ಆದರೆ ಹಂಚೋರು ಇಬ್ಬರಾದರು. ಫೋನ್ ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತು ಕೇಳುತ್ತೆ. ಮಹಡಿಯದು ಕೊಟ್ಟರೆ ಬಾಗಿಲು 192.168.0.1 ಅನ್ನುತ್ತೆ. ಅದರ ನೀಲಿ ಪೋರ್ಟ್ ಖಾಲಿ, ಹಾಗಾಗಿ ಆ ಬಾಗಿಲಾಚೆ ದಾರಿಯೇ ಇಲ್ಲ. ಕರೆಂಟ್ ಬಂದಾಗ ಸಣ್ಣ ರೂಟರ್ ಬೇಗ ಏಳುತ್ತೆ, ಫೈಬರ್ ಡಬ್ಬಿ ತಡ ಮಾಡುತ್ತೆ. ಆ ಹೊತ್ತಲ್ಲಿ ಸೇರಿದ ಫೋನೆಲ್ಲ ಮಹಡಿಯ ಪಾಲು. ವೈಫೈ ಬಿಟ್ಟು ಮತ್ತೆ ಸೇರಿದಾಗ ಫೋನ್ ಮತ್ತೊಮ್ಮೆ ಕೇಳಬಹುದು, ಅದಕ್ಕೇ ತೋಟದಿಂದ ಬಂದಾಗ ಅದಲು ಬದಲು.

ಮಹಡಿ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದೊಂದನ್ನ ಆನ್ ಮಾಡಿ, ಮುಗೀತು. ಇಲ್ಲದಿದ್ದರೆ ಕೆಳಗಿನ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನ ಮಹಡಿ ರೂಟರಿಗೆ ಮಾತ್ರ ಸೇರಿಸಿ ಬ್ರೌಸರಿನಲ್ಲಿ 192.168.0.1 ತೆರೆಯಿರಿ. ಮೊದಲು ಅದರ ಲ್ಯಾನ್ ವಿಳಾಸ 192.168.1.2 ಮಾಡಿ. ಮರೆತೂ 1.1 ಕೊಡಬೇಡಿ, ಅದು ಕೆಳಗಿನದ್ದು. ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ, ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪ್ ತಾನೇ 169.254 ಅಂತ ಶುರುವಾಗೋ ವಿಳಾಸ ಹಾಕ್ಕೊಂಡು ಕೂತ್ಕೊಳ್ಳುತ್ತೆ, ರೂಟರ್ ಒಳಗೆ ಹೋಗೋಕಾಗಲ್ಲ. ಕೆಳಗಿನ ಡಬ್ಬಿ ಹಂಚೋ ಸಾಲು 192.168.1.10ರಿಂದ ಶುರುವಾಗಲಿ, 1.2ನ್ನ ಬೇರೆ ಯಾರಿಗೂ ಕೊಡಬಾರದು. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಡಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 6 ಅಥವಾ 11.

ಹುಬ್ಬಳ್ಳಿ: ಇಷ್ಟೆಲ್ಲ ಯಾಕ್ರಿ? ಮೆಶ್ (ಒಂದಕ್ಕೊಂದು ತಾವ ಜೋಡಾಗೋ ವೈಫೈ ಡಬ್ಬಿಗಳ ಸೆಟ್) ತಗೊಂಡ್ರ ಮುಗೀತು. ಕೇಬಲ್ ಕಾಲ ಹೋತ್ರಿ.

ದಾವಣಗೆರೆ, ಕೇಬಲ್ ಕೆಲಸ: ಹೋಗಿಲ್ಲ. ಕೇಬಲ್ ಇಲ್ಲದ ಮೆಶ್ ಅಂದ್ರೆ ರಿಪೀಟರ್‌ಗೆ ಬಣ್ಣ ಬಳಿದಂಗೆ. ಒಂದೇ ರೇಡಿಯೋ ಕೇಳಿ ಅದೇ ಮತ್ತೆ ಹೇಳಬೇಕು, ವೇಗ ಅರ್ಧ.

ಹುಬ್ಬಳ್ಳಿ: ಈಗಿನ ಮೆಶ್‌ನ್ಯಾಗ ಅದಕ್ಕಂತ ಬ್ಯಾರೆ ರೇಡಿಯೋ ಇರ್ತೈತಿ. ಕೇಬಲ್ ಮಾರೋರು ಹಿಂಗ ಹೇಳ್ತಾರ.

ದಾವಣಗೆರೆ, ಕೇಬಲ್ ಕೆಲಸ: ನಾನು ಎಳೆಯೋನು, ಮಾರೋನಲ್ಲ. ಜಂಬಿಟ್ಟಿಗೆ ಗೋಡೆ ಮನೇಲಿ ಒಂದು ದಿನ ಕೆಲಸ ಮಾಡಿ ಬಂದು ಮಾತಾಡಿ.

ಬೆಂಗಳೂರು, ವಿಜಯನಗರ: ಸರ್, ಸ್ಟ್ಯಾಟಿಕ್ ಐಪಿ ತಗೊಂಡರೆ ಆಟದಲ್ಲಿ ಪಿಂಗ್ ಕಡಿಮೆ ಆಗುತ್ತಾ?

ಹಾಸನ, ನಿವೃತ್ತ ಮೇಷ್ಟ್ರು: ಇನ್ನೊಂದು ಬಂದಿದೆ. ಡಿಎಂಝೆಡ್ ಆನ್ ಮಾಡಿ ಸಿಸಿ ಕ್ಯಾಮೆರಾದ ಐಪಿ ಹಾಕಿದರೆ ಎಲ್ಲಿಂದ ಬೇಕಾದರೂ ನೋಡಬಹುದಂತೆ. ನಮ್ಮನೇಲಿ ಹಾಕಿದೀನಿ.

ತಂತ್ರಜ್ಞ: ಮೇಷ್ಟ್ರೇ, ದಯವಿಟ್ಟು ಈಗಲೇ ಆಫ್ ಮಾಡಿ. ಹೊರಗಿಂದ ಬಂದು ಬಾಗಿಲು ತಟ್ಟೋರನ್ನೆಲ್ಲ ನೇರ ಕ್ಯಾಮೆರಾ ಡಬ್ಬಿ ಹತ್ತಿರ ಕಳಿಸೋದೇ ಡಿಎಂಝೆಡ್. ಕಂಪನಿ ಹಾಕಿಟ್ಟ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೂಟರ್‌ಗಳನ್ನ ಹಿಡಿದೇ 2016ರಲ್ಲಿ ಮಿರಾಯ್ ಅನ್ನೋ ದುಷ್ಟ ತಂತ್ರಾಂಶ ಹಬ್ಬಿದ್ದು. ಅದೇ ಡಬ್ಬಿಗಳಿಂದ ದೊಡ್ಡ ದೊಡ್ಡ ಜಾಲತಾಣಗಳನ್ನ ಬೀಳಿಸಿದರು. ಪಾಸ್‌ವರ್ಡ್ ಬದಲಾಯಿಸಿ. ಗೊತ್ತಿಲ್ಲದವರು ಕಳಿಸಿದ್ದನ್ನ ಇಲ್ಲಿ ಹಾಕೋದು ನಿಲ್ಲಿಸಿ.

ಹಾಸನ, ನಿವೃತ್ತ ಮೇಷ್ಟ್ರು: ಒಳ್ಳೇದಾಗಲಿ ಅಂತ ಹಾಕಿದೆ. ಇಷ್ಟು ಗದರೋ ಅಗತ್ಯ ಇರಲಿಲ್ಲ.

ಕುವೆಂಪುನಗರ, ಮೈಸೂರು: ನಾಲ್ಕೇ ತಂತಿ ಇತ್ತು ಸರ್.

ಶಿರಸಿ: ಎರಡು ರೂಟರ್ ಇದೆ, ಕೆಲವು ಫೋನಲ್ಲಿ ನೆಟ್ ಬರ್ತಿಲ್ಲ, ಏನು ಮಾಡಬೇಕು?

ತಂತ್ರಜ್ಞ: ತೀರ್ಥಹಳ್ಳಿಯವರಿಗೆ ಬರೆದಿದ್ದು ಓದಿ.

ಶಿರಸಿ: ಉದ್ದ ಇದೆ, ಚಿಕ್ಕದಾಗಿ ಹೇಳಿ.

ತಂತ್ರಜ್ಞ: ಓದಿ.

ಹುಬ್ಬಳ್ಳಿ: 8.8.8.8 ಹಾಕಿದ್ರ ಸ್ಪೀಡ್ ಆಗ್ತೈತೇನ್ರಿ?

ತಂತ್ರಜ್ಞ: ಇಲ್ಲ. ಅದು ಗೂಗಲ್ಲಿನ ಡಿಎನ್ಎಸ್, ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುತ್ತೆ, ಲೈನ್ ಅಗಲ ಮಾಡಲ್ಲ.

ತೀರ್ಥಹಳ್ಳಿ ತೋಟ: ಸರ್, ಆಯ್ತು. ಎರಡು ಸಲ ಮೇನ್ ಆರಿಸಿ ಹಾಕಿ ನೋಡಿದೆ, ಎಲ್ಲ ಫೋನಿಗೂ 192.168.1 ಬಂತು. ತುಂಬಾ ಉಪಕಾರ. ಇನ್ನೊಂದು: ಅಡಿಕೆ ಬೇಯಿಸೋ ಶೆಡ್‌ನಲ್ಲಿ ಕ್ಯಾಮೆರಾ ಇದೆ. ಮನೆಯಿಂದ 60 ಮೀಟರ್ ಮಾಮೂಲಿ ನೆಟ್‌ವರ್ಕ್ ಕೇಬಲ್, ಕರೆಂಟ್ ತಂತಿ ಜೊತೆಗೇ ಕಟ್ಟಿ ಒಯ್ದಿದೀನಿ. ಅಲ್ಲಿಗೆ ಮೂರನೇ ರೂಟರ್ ಇಟ್ಟರೆ 192.168.1.3 ಕೊಡಲಾ?

ತಂತ್ರಜ್ಞ: 1.3 ಕೊಡಬಹುದು. ಅದಿರಲಿ, ಆ ಕೇಬಲ್ ನನಗೆ ಭಯ ತರ್ತಿದೆ. ಮೊದಲು ಕರೆಂಟ್ ತಂತಿಯಿಂದ ಬಿಡಿಸಬೇಕು. ಮೇಲಿನ ಸಿಪ್ಪೆ ಸವೆದರೆ ವಿದ್ಯುತ್ ನೇರ ನಿಮ್ಮ ಫೈಬರ್ ಡಬ್ಬಿಗೆ, ಅಲ್ಲಿಂದ ಲ್ಯಾಪ್‌ಟಾಪ್ ಮುಟ್ಟಿದವರಿಗೆ. ಬಿಡಿಸೋ ಕೆಲಸ ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಎರಡನೇದು ಸಿಡಿಲು. ಇದು ಏಪ್ರಿಲ್, ಮಲೆನಾಡಲ್ಲಿ ಮಳೆಗಿಂತ ಮೊದಲು ಗುಡುಗೇ ಬರೋದು. ಕೇಬಲ್‌ಗೇ ಹೊಡೀಬೇಕಂತಿಲ್ಲ, ಹತ್ತಿರದ ತೆಂಗಿಗೆ ಹೊಡೆದರೂ ಬಯಲಲ್ಲಿರೋ ತಾಮ್ರದ ತಂತಿಯಲ್ಲಿ ಹಾಯೋ ವೋಲ್ಟೇಜ್ ಎರಡು ತುದಿಯ ಪೋರ್ಟನ್ನೂ ಸುಡಬಹುದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಬೇಡ, ಫೈಬರ್ ಎಳೆಸಿ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನ ಮಾಮೂಲಿ ನೆಟ್‌ವರ್ಕ್ ಪೋರ್ಟಿಗೆ ಜೋಡಿಸೋ ಡಬ್ಬಿ) ಹಾಕಿದರಾಯ್ತು. ಗಾಜಿನ ಎಳೆ ವಿದ್ಯುತ್ ಒಯ್ಯಲ್ಲ. ಕೊಳ್ಳುವಾಗ ಒಳಗೆ ಉಕ್ಕಿನ ತಂತಿ ಇಲ್ಲದ್ದು ಅಂತ ಕೇಳಿ ತಗೊಳ್ಳಿ, ಎಷ್ಟೋ ಫೈಬರ್‌ನಲ್ಲಿ ಬಲಕ್ಕೆ ಅಂತ ಅದನ್ನ ಸೇರಿಸಿರ್ತಾರೆ.

ದಾವಣಗೆರೆ, ಕೇಬಲ್ ಕೆಲಸ: ಸರ್ಜ್ ಪ್ರೊಟೆಕ್ಟರ್ ಹಾಕಿದ್ರೆ ತಾಮ್ರಾನೂ ನಡೆಯುತ್ತೆ.

ತಂತ್ರಜ್ಞ: ಅರ್ತಿಂಗ್ ಸರಿ ಇದ್ದರೆ ಮಾತ್ರ. ಶೆಡ್‌ಗೆ ಅರ್ತಿಂಗ್ ಇದೆಯಾ, ತೀರ್ಥಹಳ್ಳಿಯವರೇ?

ತೀರ್ಥಹಳ್ಳಿ ತೋಟ: ಇಲ್ಲ ಸರ್. ಫೈಬರ್ ಮುಂದಿನ ತಿಂಗಳು ಹಾಕಿಸಿದರೆ ಆಗಲ್ವಾ? ಇಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿದೆ.

ತಂತ್ರಜ್ಞ: ಫೈಬರ್ ಮುಂದಿನ ತಿಂಗಳೇ ಆಗಲಿ. ಮೇನ್ ಆರಿಸಿ ಕೇಬಲ್ ತುದೀನ ಪೋರ್ಟಿಂದ ಈಗಲೇ ಕಳಚಿ, ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಮನೆ ಕಡೆಯ ತುದಿ ಮೊದಲು.

ಹುಬ್ಬಳ್ಳಿ: ಸರ್ರ, ನನ್ನ ಮೆಶ್ ಪ್ರಶ್ನೆ ಉಳೀತು.

ತೀರ್ಥಹಳ್ಳಿ ತೋಟ: ಮನೆ ಕಡೆಯದು ಕಳಚಿದೆ.

ತಂತ್ರಜ್ಞ: ತುದೀನ ಡಬ್ಬಿಯಿಂದ ದೂರ ಇಡಿ, ಮೇಜಿನ ಮೇಲೆ ಬಿಡಬೇಡಿ. ಶೆಡ್‌ಗೆ ಮಳೆ ನಿಂತ ಮೇಲೆ ಹೋಗಿ.